ಬಸವನಹುಳು ಮತ್ತು ಸೀಬಜ್ಜಿಯ ಬೂದಿ ಗೆರೆ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಹೀರೇಕಾಯಿ ಹೇಗಿರುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಹೀರೆ ಬೀಜ ಇದ್ದದ್ದು ಸೀಬಜ್ಜಿಯ ಸೆರಗಿನ ಗಂಟಿನಲ್ಲಿ ಮಾತ್ರ. ಅಜ್ಜಿ ಅಷ್ಟನ್ನೂ ಹಿತ್ತಲಲ್ಲಿ ಊರಿದಳು. ಗಾಳಿ ದಿನಾ ಬಂದು ಬಗ್ಗಿ ನೋಡುತ್ತಿತ್ತು. ಕಾಗೆ ದಿನಾ ಬಂದು, ಕಾಯಿ ಯಾವಾಗ ಅಂತ ಕೇಳುತ್ತಿತ್ತು.

ಸಸಿ ಎದ್ದವು. ಒಂದು ಬೆಳಿಗ್ಗೆ ನೋಡಿದರೆ ಅರ್ಧ ಇಲ್ಲ! ಎಲೆ ಇದ್ದ ಕಡೆ ಬರೀ ಕಡ್ಡಿ. ಪಕ್ಕದಲ್ಲಿ ಬೆಳ್ಳಿ ದಾರ ಎಳೆದ ಹಾಗೆ ಹೊಳಪು. ಆ ಹೊಳಪಿನ ಹಿಂದೆಯೇ ಅಜ್ಜಿ ಹೋದಳು. ಕಲ್ಲಿನ ಕೆಳಗೆ ಬಸವನಹುಳು ಹೊಟ್ಟೆ ತುಂಬಿ ಮಲಗಿತ್ತು.

ಉಳಿದವೂ ಹೋದರೆ ಲೋಕಕ್ಕೆ ಹೀರೆಯೇ ಇಲ್ಲ. ಹುಳುವಿನ ಮೇಲೆ ಉಪ್ಪು ಸುರಿ ಅಂತು ಕಾಗೆ.

“ಉಪ್ಪು ಬಿದ್ದರೆ ನನಗೂ ಉರಿ ಕಣಮ್ಮ,” ಅಂತು ಮಣ್ಣು. “ಆಮೇಲೆ ಹುಲ್ಲೂ ಹುಟ್ಟಲ್ಲ.”

ಅಜ್ಜಿ ಹಿತ್ತಲನ್ನೆಲ್ಲ ಸುತ್ತಿ ನೋಡಿದಳು. ಒಲೆಯ ಬೂದಿ ಚೆಲ್ಲುವ ಜಾಗದಲ್ಲಿ ಮಾತ್ರ ಬೆಳ್ಳಿ ದಾರ ಸುಳಿದಿರಲಿಲ್ಲ. ಹೌದಾ, ಅಂದುಕೊಂಡಳು. ಹೊಸಿಲಿಗೆ ರಂಗೋಲಿ ಎಳೆಯುವ ಹಾಗೇ ಸಸಿಗಳ ಸುತ್ತ ಬೂದಿಯ ಗೆರೆ ಎಳೆದಳು.

ಬಸವನಹುಳು ಬಂತು, ಕೊಂಬು ತಾಗಿಸಿತು, ಹಿಂದೆ ಸರಿಯಿತು. ತಾನು ಹೊಟ್ಟೆಯಲ್ಲೇ ನಡೆಯುವವನು, ಬೂದಿ ಮೆತ್ತಿದರೆ ಜಾರುವುದು ಹೇಗೆ ಅಂತ ಗೊಣಗಿತು.

“ಗೆರೆ ಇರೋ ತನಕ ಒಳಗೆ ಬರಬೇಡ ಬಸವಾ,” ಅಂದಳು ಅಜ್ಜಿ.

“ಗೆರೆ ಇರೋ ತನಕ ತಾನೇ? ಆಗಲಿ ಅಜ್ಜಿ.”

ಇಷ್ಟು ಸುಲಭಕ್ಕೆ ಒಪ್ಪಿತಲ್ಲ ಅಂತ ಗಾಳಿಗೆ ಅನುಮಾನ. ಹುಳು ನೆಟ್ಟಗೆ ಹೋದದ್ದು ಮಳೆಯತ್ತೆಯ ಹತ್ತಿರ. ಸಂಜೆಗೆ ಮಳೆಯತ್ತೆ ಗಲಗಲ ಅಂತ ಬಂದಳು. ಗೆರೆ ಕರಗಿಹೋಯಿತು. ಬಸವನಹುಳು ಕೊಂಬು ಚಾಚಿಕೊಂಡು, ಬೆನ್ನ ಮೇಲೆ ಚಿಪ್ಪಿಲ್ಲದ ತಮ್ಮಂದಿರನ್ನೂ ಕರೆದುಕೊಂಡು ಹೊರಟಿತು.

ಆದರೆ ದಾರಿಯಲ್ಲೇ ಒಂದು ಒದ್ದೆ ಗೋಣಿಚೀಲ. ಅದರಡಿ ಪರಂಗಿ ಎಲೆ, ಮೆತ್ತಗೆ, ತಣ್ಣಗೆ. ಅಜ್ಜಿ ಹಾಸಿಟ್ಟದ್ದು. ಒಂದು ಬಾಯಿ ತಿಂದು ಹೋಗೋಣ ಅಂದುಕೊಂಡವರು ಅಲ್ಲೇ ನಿದ್ದೆ ಹೋದರು.

ಬೆಳಿಗ್ಗೆ ಅಜ್ಜಿ ಗೋಣಿ ಎತ್ತಿದಳು. ಬಾಳೆಎಲೆ ಚೂರಿನಲ್ಲಿ ಅವರನ್ನು ಒಬ್ಬೊಬ್ಬರಾಗಿ ಎತ್ತಿ, ದೂರದ ತಿಪ್ಪೆಗೆ ಸಾಗಿಸಿದಳು. ತಿನ್ನಲು ಅಲ್ಲಿ ಬೇಕಾದಷ್ಟಿತ್ತು.

“ಮತ್ತೆ ಮಳೆ ಬರುತ್ತೆ ಅಜ್ಜಿ,” ಅಂತು ಬಸವನಹುಳು.

“ಬರಲಿ. ನನ್ನ ಒಲೇಲೂ ಮತ್ತೆ ಬೂದಿ ಆಗುತ್ತೆ,” ಅಂದಳು ಸೀಬಜ್ಜಿ.

ಬಳ್ಳಿ ಚಪ್ಪರ ತುಂಬಿತು. ಮೊದಲ ಹೀರೇಕಾಯಿಯ ಸಿಪ್ಪೆ ಚಟ್ನಿ ಕಾಗೆಗೂ ಸಿಕ್ಕಿತು.

ಅದಕ್ಕೇ ಪುಟ್ಟಾ, ಈಗಲೂ ಮಳೆ ನಿಂತ ಕೂಡಲೇ ನಮ್ಮ ಹಿತ್ತಲಿಗೆ ಬಸವನಹುಳು ಬರುತ್ತದೆ, ಎರಡು ಕೊಂಬನ್ನೂ ಮುಂದೆ ಚಾಚಿ, ಅಜ್ಜಿಯ ಗೆರೆ ಇದೆಯೋ ಅಳಿಸಿತೋ ಅಂತ ಮೆಲ್ಲಗೆ ಮುಟ್ಟಿ ಮುಟ್ಟಿ ನೋಡುತ್ತಾ.