ಬುತ್ತಿ ಕಟ್ಟಿಕೊಂಡು ಬಂದ ಅತಿಥಿ

ಬೆಟ್ಟನಾಡಿನಲ್ಲಿ ಬಾಚಯ್ಯ ಎಂಬ ಅಧಿಕಾರಿಯಿದ್ದ. ಯಾವ ಅರಸನ ಕಾಲ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಕೇಳದಿರುವುದೇ ಮೇಲು.

ದೊಡ್ಡವರು ನೆರೆರಾಜ್ಯಕ್ಕೆ ಹೊರಟರೆ ಎಲ್ಲವನ್ನೂ ಅಣಿ ಮಾಡಿಕೊಡುವುದು ಅವನ ಕೆಲಸ. ಯಾರ ಹಿಂದೆ ಯಾರು ನಡೆಯಬೇಕು, ಯಾರಿಗೆ ಯಾವ ಉಡುಗೊರೆ, ಮೊದಲು ಯಾರು ಕೈ ಮುಗಿಯಬೇಕು, ಎಲ್ಲ ಅವನ ತಲೆಯಲ್ಲಿರುತ್ತಿತ್ತು. ತಲೆ ಯಾವಾಗಲೂ ಬಿಸಿಯಾಗಿರುತ್ತಿತ್ತು.

ಒಂದು ಬೆಳಿಗ್ಗೆ ಅವನು ಹೊಳೆದಂಡೆಯ ಆಶ್ರಮಕ್ಕೆ ಬಂದ. ಚಿಕ್ಕವನಿದ್ದಾಗ ಅಲ್ಲಿಯೇ ಕಲಿತವನು. ಗುರು ಮಸಣಯ್ಯನವರು ಕಲ್ಲಿನ ಮೇಲೆ ಪಂಚೆ ಒಗೆಯುತ್ತಿದ್ದರು.

"ಗುರುಗಳೇ, ಒಂದು ಗೋಡೆ ನನಗೆ ಅರ್ಥವಾಗುತ್ತಿಲ್ಲ," ಎಂದ ಬಾಚಯ್ಯ.

"ಗೋಡೆ ಅರ್ಥವಾಗುವ ವಸ್ತುವಲ್ಲಪ್ಪ. ಹಣೆಗೆ ತಗಲುವ ವಸ್ತು. ಕೂತು ಹೇಳು."

ಬಾಚಯ್ಯ ಕೂತು ಹೇಳಿದ. ಘಟ್ಟದ ಕೆಳಗಿನ ಕಡಲನಾಡು ಅಜ್ಜಂದಿರ ಕಾಲದಿಂದಲೂ ತಮ್ಮ ಮಿತ್ರರಾಜ್ಯ. ಅಲ್ಲಿ ಈಗ ರಾಣಿಯ ಆಳ್ವಿಕೆ. ಹೋದ ವರ್ಷ ಬೆಟ್ಟನಾಡಿನ ದಂಡನಾಯಕ ಕಾಟರಸರು ಆ ರಾಣಿಯ ಭೇಟಿಗೆ ಹೋಗಿ ಬಂದರು. ಬರೀ ಸ್ನೇಹದ ಭೇಟಿ. ಒಂದು ಕೆಟ್ಟ ಮಾತಿಲ್ಲ, ಒಂದು ಕೆಟ್ಟ ನೋಟವಿಲ್ಲ.

ಆದರೆ ದಂಡನಾಯಕರ ಕುದುರೆಯ ಧೂಳು ಅಡಗುವ ಮೊದಲೇ ರಾಣಿ ಕಲ್ಲುಕುಟಿಗರನ್ನು ಕರೆಸಿದಳು. ಕೋಟೆಯ ಗೋಡೆ ಏರತೊಡಗಿತು. ಶತ್ರುಗಳಿರುವ ಬಡಗಣ ದಿಕ್ಕಿನಲ್ಲಲ್ಲ, ಬೆಟ್ಟನಾಡಿನ ದಿಕ್ಕಿನಲ್ಲಿ.

ಈಗ ಬಡಗಣದವರ ದೂತನೊಬ್ಬ ಅವಳ ಅರಮನೆಯಲ್ಲೇ ಬೀಡುಬಿಟ್ಟಿದ್ದಾನೆ. ಅದಕ್ಕೇ ದಂಡನಾಯಕರು ಮತ್ತೊಮ್ಮೆ ಹೋಗಬೇಕಾಗಿದೆ. ಏರ್ಪಾಟು ಮತ್ತೆ ಬಾಚಯ್ಯನದೇ.

"ಈ ಸಲ ಕೆಟ್ಟರೆ ರಾಣಿ ಅವರ ಕಡೆ ವಾಲುತ್ತಾಳೆ," ಎಂದ. "ವಾಲಿದರೆ ನಮ್ಮ ಕಣಿವೆಗೆ ಎರಡು ಕಡೆಯಿಂದಲೂ ದಂಡು ಬರುತ್ತದೆ. ಕಣಿವೆಯ ಕಾವಲಿನಲ್ಲಿ ನನ್ನ ತಮ್ಮ ಈಚಣ್ಣ ಇದ್ದಾನೆ. ನಾನೇ ಎತ್ತಿ ಆಡಿಸಿ ಬೆಳೆಸಿದವನು, ಗುರುಗಳೇ."

ಗುರುಗಳು ಪಂಚೆ ಕುಕ್ಕುವುದನ್ನು ನಿಲ್ಲಿಸಿದರು.

"ಹೋದ ಸಲ ಅವರಿಗೆ ಏನು ತೊಂದರೆ ಕೊಟ್ಟಿರಿ?"

"ಒಂದಿಷ್ಟೂ ಇಲ್ಲ." ಬಾಚಯ್ಯನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಬೇಕಾದ್ದನ್ನೆಲ್ಲ ಇಲ್ಲಿಂದಲೇ ಒಯ್ದಿದ್ದರಂತೆ. ಅಕ್ಕಿ, ಬೇಳೆ, ಸೌದೆ, ಕುದುರೆಗೆ ಹುಲ್ಲು, ಡೇರೆ, ಅಡುಗೆಯವರು, ದಂಡನಾಯಕರು ಕೂರುವ ಎತ್ತರದ ಪೀಠ. ಕುಡಿಯುವ ನೀರು ಕೂಡ ತೊಗಲಿನ ಚೀಲದಲ್ಲಿ ಘಟ್ಟ ಇಳಿದಿತ್ತು. ಸಾಮಾನು ಹೊತ್ತ ಎತ್ತುಗಳ ಸಾಲಿನ ತಲೆ ಕಡಲು ಕಂಡಾಗ ಬಾಲ ಇನ್ನೂ ಬೆಟ್ಟದಲ್ಲಿತ್ತು ಎನ್ನುತ್ತಾರೆ. ಇದರಲ್ಲಿ ಅರ್ಧ ನಂಬಿದರೂ ಸಾಕು.

ರಾಣಿ ಔತಣಕ್ಕೆ ಕರೆದಿದ್ದಳಂತೆ. ಸುಮ್ಮನೆ ಅವರಿಗೇಕೆ ಶ್ರಮ ಎಂದು ದಂಡನಾಯಕರು ತಮ್ಮ ಡೇರೆಯಲ್ಲೇ ಉಂಡರಂತೆ.

"ಅವರ ಒಂದು ಹಿಡಿ ಉಪ್ಪನ್ನೂ ನಾವು ಮುಟ್ಟಲಿಲ್ಲ," ಎಂದು ಬಾಚಯ್ಯ ಮುಗಿಸಿದ.

"ಬಹಳ ಅಚ್ಚುಕಟ್ಟು," ಎಂದರು ಗುರುಗಳು, ಪಂಚೆ ಹಿಂಡುತ್ತ. "ನಾಳೆ ಮಧ್ಯಾಹ್ನ ನಿನ್ನ ಮನೆಗೆ ಊಟಕ್ಕೆ ಬರುತ್ತೇನೆ."

"ಗೋಡೆಯ ವಿಚಾರ?"

"ಊಟ ಮೊದಲು."

ಬಾಚಯ್ಯನ ಹೆಂಡತಿ ಬಾಗಬ್ಬೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗುರುಗಳು ಅವರ ಮನೆಗೆ ಬರುತ್ತಿರುವುದು ಅದೇ ಮೊದಲು. ನಸುಕಿಗೇ ಎದ್ದು ಅಂಗಳ ಸಾರಿಸಿದಳು. ಕಡುಬು ಬೇಯಿಸಿದಳು, ಹೆಸರುಬೇಳೆ ಪಾಯಸ ಮಾಡಿದಳು. ಅಕ್ಕಪಕ್ಕದ ಮನೆಯವರಿಗೆಲ್ಲ, ಏನೋ ಬೇರೆ ಮಾತಾಡುವ ನೆಪದಲ್ಲಿ, ವಿಷಯ ತಿಳಿಸಿಯೂ ಬಂದಳು.

ಮಧ್ಯಾಹ್ನ ಗುರುಗಳು ಬಂದರು. ಹಿಂದೆ ಒಂದು ಎರವಲು ಕತ್ತೆ ಬಂತು. ಕತ್ತೆಯ ಮೇಲೆ ಸೌದೆ, ಒಲೆ ಹೂಡಲು ಕಲ್ಲು, ಮಡಕೆ, ನೀರಿನ ಕೊಡ, ಚಾಪೆ.

"ಚೆನ್ನಾಗಿದ್ದೀಯಾ ತಾಯಿ?" ಎಂದು ನಗುನಗುತ್ತ ಕೇಳಿ, ಅಂಗಳದಲ್ಲೇ ಒಲೆ ಹೂಡಿದರು.

ಬಾಗಬ್ಬೆ ಕಾಲು ತೊಳೆಯಲು ಚೆಂಬು ಹಿಡಿದು ನಿಂತಿದ್ದಳು. ಗುರುಗಳು ತಮ್ಮ ಕೊಡದ ನೀರಿನಲ್ಲಿ ಕಾಲು ತೊಳೆದುಕೊಂಡರು. ಅವಳು ಮಣೆ ತಂದಳು. ಅವರು ತಮ್ಮ ಚಾಪೆ ಹಾಸಿದರು. ಅಂಗಳದ ಹೊಂಗೆಮರ ತಂಪಾಗಿ ನೆರಳು ಚೆಲ್ಲಿತ್ತು. ಅವರು ಆ ಮರದ ಕೆಳಗೇ ತಮ್ಮ ಓಲೆಕೊಡೆ ಬಿಚ್ಚಿಕೊಂಡು ಕೂತರು.

"ಎಷ್ಟು ಚಂದದ ಮನೆ," ಎಂದು ಹೊಗಳುತ್ತ ತಮ್ಮ ಗಂಜಿ ಕಾಯಿಸಿ, ತಮ್ಮ ಎಲೆಯಲ್ಲಿ ಉಂಡರು. ಸಿಡಿದ ಒಂದು ಅಗುಳನ್ನೂ ಬಿಡದೆ ಎತ್ತಿಕೊಂಡರು. ಬೂದಿಯನ್ನೂ ಗಂಟು ಕಟ್ಟಿ ಕತ್ತೆಯ ಮೇಲೆ ಹಾಕಿದರು. "ನಿಮಗೆ ಒಂದಿಷ್ಟೂ ತೊಂದರೆಯಾಗಲಿಲ್ಲ ತಾನೆ?" ಎಂದು ಕೇಳಿ ಹೊರಟುಹೋದರು.

ಅಷ್ಟರಲ್ಲಿ ನೆರೆಮನೆಯ ಗೋಡೆಗಳ ಮೇಲೆ ತಲೆಗಳು ಸಾಲಾಗಿ ಮೂಡಿದ್ದವು. ಬಾಚಯ್ಯನ ಮನೆಯಲ್ಲಿ ಸೂತಕವೇ, ಬಹಿಷ್ಕಾರವೇ ಎಂದು ಗುಸುಗುಸು. ಎಣ್ಣೆ ಮಾರುವವನು ಬಾಗಿಲವರೆಗೆ ಬಂದವನು, ಏನೋ ನೆನಪಾದವನಂತೆ ಹಿಂದಿರುಗಿದ.

"ನಮ್ಮ ಬಾವಿಯಲ್ಲಿ ವಿಷ ಇದೆಯಂತೇನು?" ಎಂದಳು ಬಾಗಬ್ಬೆ. "ಕೇಳಿಕೊಂಡು ಬನ್ನಿ ನಿಮ್ಮ ಗುರುಗಳನ್ನ. ಈ ಪಾಯಸ ಏನು ಮಾಡಲಿ, ಹಾಕಿಸಿಕೊಂಡು ಸ್ನಾನ ಮಾಡುತ್ತೀರಾ?"

ಬಾಚಯ್ಯ ಜಗುಲಿಯ ಮೇಲೆ ಹೋಗಿ ಕೂತ.

ಒಳಗಿನಿಂದ ಧಡ್ ಎಂದು ಸದ್ದು ಬಂತು. ಬಾಗಬ್ಬೆ ಹಿತ್ತಿಲ ಬಾಗಿಲಿಗೆ ಅಗಳಿ ಹಾಕಿದ್ದಳು. ಹಗಲು ಹೊತ್ತಿನಲ್ಲಿ ಆ ಬಾಗಿಲಿಗೆ ಯಾರೂ ಅಗಳಿ ಹಾಕಿದ್ದಿಲ್ಲ.

"ಯಾಕೆ ಹಾಕಿದೆ?"

"ಗೊತ್ತಿಲ್ಲ," ಎಂದಳು ಅವಳು. ಅವಳ ಸಿಟ್ಟು ಇಳಿದಿತ್ತು. ಮುಖದಲ್ಲಿ ಬೇರೆ ಏನೋ ಇತ್ತು. "ಹಾಕಬೇಕು ಅನ್ನಿಸಿತು."

ಬಾಚಯ್ಯ ಅಗಳಿಯನ್ನು ನೋಡುತ್ತ ನಿಂತ. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಆಶ್ರಮಕ್ಕೆ ಓಡಿದ.

"ನಮ್ಮಿಂದ ಏನೂ ಬೇಡದವನು ನಮ್ಮ ಮನೆಗೆ ಏಕೆ ಬಂದ ಎಂದು ಹೆದರಿಕೆಯಾಗುತ್ತದೆ," ಎಂದ ಏದುಸಿರಿನಲ್ಲಿ.

"ಆಹಾ," ಎಂದರು ಗುರುಗಳು. "ಪಾಯಸ ಮಿಕ್ಕಿದೆಯೋ?"

ಮಿಕ್ಕಿತ್ತು. ಗುರುಗಳೇ ಮತ್ತೆ ಹೋಗಿ, ಅಂಗಳದಲ್ಲಿ ಕೈ ಮುಗಿದು, ಬೈಸಿಕೊಂಡು, ಮೂರು ಸಲ ಬಡಿಸಿಕೊಂಡು ಉಂಡರು.

ಬಾಚಯ್ಯ ಈ ಸಲದ ಪಯಣಕ್ಕೆ ಸಾಮಾನನ್ನೆಲ್ಲ ಬಿಟ್ಟುಬಿಟ್ಟ. ಎತ್ತುಗಳು ಬೇಡ, ಡೇರೆ ಬೇಡ, ಅಡುಗೆಯವರು ಬೇಡ. ಎಲ್ಲವನ್ನೂ ಕಡಲನಾಡಿನವರಲ್ಲೇ ಕೇಳಿ ಪಡೆಯುವುದು. ಹೆಬ್ಬಾಗಿಲಲ್ಲಿ ದಂಡನಾಯಕರು ಮೊದಲು ನೀರು ಕೇಳಬೇಕು, ಆಮೇಲೆ ನೆರಳು ಕೇಳಬೇಕು ಎಂದೆಲ್ಲ ಗೊತ್ತುಮಾಡಿದ. ಪೀಠ ಒಂದನ್ನು ಮಾತ್ರ ಬಿಡಲಾಗದು ಎಂದರು ಕಾಟರಸರು. ಏಕೆ ಎಂದು ಕೇಳಿದರೆ ಮೀಸೆ ತಿರುವಿದರು.

ಅಭ್ಯಾಸ ಒಳ್ಳೆಯದೆಂದು ಬಾಚಯ್ಯ ಅವರನ್ನು ಆಶ್ರಮಕ್ಕೆ ಕರೆದುಕೊಂಡು ಹೋದ. ಗುರುಗಳು ಒದ್ದೆ ಪಂಚೆಯನ್ನು ತಲೆಯ ಮೇಲೆ ಸೆರಗಿನಂತೆ ಎಳೆದುಕೊಂಡು ಮರದ ಬೊಡ್ಡೆಯ ಮೇಲೆ ಕೂತರು.

"ನಾನೇ ರಾಣಿ. ಕೇಳಿ."

ಕಾಟರಸರು ಗಂಟಲು ಸರಿಮಾಡಿಕೊಂಡರು. "ಬಾಯಾರಿಕೆಯಾಗಿದೆ. ನೀರು ತರಿಸಿ."

ಮರದಲ್ಲಿದ್ದ ಕಾಗೆ ಎದ್ದು ಹಾರಿತು.

ಗುರುಗಳು ಬಾಚಯ್ಯನ ಕಡೆ ವಾಲಿದರು. "ಮಂತ್ರಿಗಳೇ, ಬಾವಿಗೆ ಕಾವಲು ಹಾಕಿಸಿ."

ಕಾಟರಸರು ಇನ್ನೊಮ್ಮೆ, ಬೆಣ್ಣೆಯಂಥ ದನಿಯಲ್ಲಿ, ಒಂದು ಗುಟುಕು ನೀರು ಸಿಗಬಹುದೇ ಎಂದು ಕೇಳಿದರು.

"ಮಂತ್ರಿಗಳೇ, ಕಾವಲು ಇನ್ನಷ್ಟು ಹೆಚ್ಚಿಸಿ."

"ಈಗೇನು ತಪ್ಪಾಯಿತು?" ದಂಡನಾಯಕರ ಮುಖ ಕೆಂಪಾಯಿತು.

"ನಿಮಗೆ ಬಾಯಾರಿಕೆಯೇ ಇಲ್ಲವಲ್ಲ." ಗುರುಗಳು ಸೆರಗು ತೆಗೆದರು. "ಬಂದಾಗಿನಿಂದ ನಿಂತೇ ಇದ್ದೀರಿ. ಬನ್ನಿ, ಚಾಪೆಯ ಮೇಲೆ ಕುಳಿತುಕೊಳ್ಳಿ."

"ನಿಂತೇ ಅಭ್ಯಾಸ."

"ಕುಳಿತುಕೊಳ್ಳಿ."

ಕಾಟರಸರು ಆ ಚಾಪೆಯನ್ನು ಶತ್ರು ತೋಡಿದ ಕಂದಕದಂತೆ ನೋಡಿದರು. ಆಮೇಲೆ ತಮ್ಮ ಕಾವಲಿನವರನ್ನು ಮರಗಳಾಚೆಗೆ ಕಳಿಸಲು ಹೇಳಿದರು.

"ಎಡಗಾಲು ಮಡಚುವುದಿಲ್ಲ," ಎಂದರು ತಗ್ಗಿದ ದನಿಯಲ್ಲಿ. "ಕಣಿವೆಯ ಯುದ್ಧದಲ್ಲಿ ಮೊಣಕಾಲಿಗೆ ಬಾಣ ಬಿದ್ದಿತ್ತು. ನೆಲದ ಮೇಲೆ ಕೂರಲು ಒಬ್ಬರು ಹಿಡಿಯಬೇಕು. ಏಳಲು ಇಬ್ಬರು."

ಕಡಲನಾಡಿನಲ್ಲಿ ಅರಸರಿಂದ ಅಂಬಿಗರವರೆಗೆ ಎಲ್ಲರೂ ಉಣ್ಣುವುದು ನೆಲದ ಮೇಲೆ ಕೂತು. ಆ ರಾಜ್ಯದ ಮುಂದೆ ಬೆಟ್ಟನಾಡಿನ ದಂಡನಾಯಕ ಕೂಸಿನಂತೆ ಕೈ ಚಾಚುವುದೇ? ಅದಕ್ಕೇ ಬೇರೆ ಊಟ. ಬೇರೆ ಊಟಕ್ಕೆ ಬೇರೆ ಅಡುಗೆಯವರು, ಅಡುಗೆಗೆ ಅಕ್ಕಿ, ಅಕ್ಕಿಗೆ ಎತ್ತು, ಎತ್ತಿಗೆ ಹುಲ್ಲು. ಒಂದು ಮೊಣಕಾಲನ್ನು ಮುಚ್ಚಲು ಒಂದು ದಂಡಿನಷ್ಟು ಸಾಮಾನು ಘಟ್ಟ ಇಳಿದಿತ್ತು. ಆ ಪೀಠವನ್ನು ಆಳುಗಳ ಹೆಗಲು ಬದಲಿಸಿ ಬದಲಿಸಿ ಇಳಿಸಿದ ಬಾಚಯ್ಯ ಅದನ್ನು ದೊಡ್ಡಸ್ತಿಕೆ ಎಂದುಕೊಂಡಿದ್ದ.

"ಇದು ಹೊರಗೆ ಬರಬಾರದು," ಎಂದ ಅವನು, ಅಧಿಕಾರಿಯ ದನಿಯಲ್ಲಿ.

"ಬರಲಿಲ್ಲವಲ್ಲ," ಎಂದರು ಗುರುಗಳು. "ಹೋದ ಸಲ ರಾಣಿಗೆ ಮೊಣಕಾಲು ಕಾಣಲೇ ಇಲ್ಲ. ಮುತ್ತಿಗೆ ಕಂಡಿತು."

ಕಾಟರಸರು ಎಡ ಮೊಣಕಾಲನ್ನು ತಿಕ್ಕಿಕೊಂಡರು.

"ನಾನೇನು ಕೇಳಲಿ, ಗುರುಗಳೇ?" ಎಂದರು ಕಡೆಗೆ.

"ನಿಮಗೇನು ಬೇಕೋ ಅದನ್ನ."

ದಂಡನಾಯಕರು ಹಗುರವಾಗಿ ಘಟ್ಟ ಇಳಿದರು. ಜೊತೆಗೆ ಬಾಚಯ್ಯ, ನಾಲ್ಕಾರು ಸವಾರರು, ಡೇರೆಯಿಲ್ಲ, ಪೀಠವಿಲ್ಲ. ಇಷ್ಟೇ ಜನ ಬಂದದ್ದು ಯಾವ ಉಪಾಯ ಎಂದು ಕೋಟೆಯ ಮೇಲಿನವರು ದೂರದವರೆಗೆ ಕಣ್ಣು ಹಾಯಿಸಿದರಂತೆ.

ಊಟದ ಮನೆಯಲ್ಲಿ ಉದ್ದಕ್ಕೆ ಎಲೆ ಹಾಕಿತ್ತು. ರಾಣಿ ಕೂತಳು. ಅವಳ ಮಂತ್ರಿಗಳು ಕೂತರು. ಬಡಗಣದ ದೂತನೂ ಕೂತ. ಕಾಟರಸರು ತಮ್ಮ ಎಲೆಯ ಮುಂದೆ ನಿಂತೇ ಇದ್ದರು.

ಒಬ್ಬೊಬ್ಬರಾಗಿ ಎಲ್ಲರೂ ತಲೆ ಎತ್ತಿದರು. ಬಡಗಣದ ದೂತನ ತುಟಿಯಂಚಿನಲ್ಲಿ ನಗು ಮೂಡಿತು. ಬಾಚಯ್ಯ ಕಣ್ಣು ಮುಚ್ಚಿಕೊಂಡ. ಕಣಿವೆ ಕಂಡಿತು, ಅದರ ಬಾಯಿಯಲ್ಲಿ ಈಟಿ ಊರಿ ನಿಂತ ಈಚಣ್ಣ ಕಂಡ.

"ಅಮ್ಮಾ," ಎಂಬ ದನಿ ಕೇಳಿಸಿತು. ಆಜ್ಞೆ ಕೊಟ್ಟು ಒರಟಾದ ದನಿ, ಈಗ ತಡವರಿಸುತ್ತಿತ್ತು. "ನನ್ನ ಎಡಗಾಲು ಮಡಚುವುದಿಲ್ಲ. ಕೂರಲು ಯಾರಾದರೂ ಹಿಡಿದುಕೊಳ್ಳಬೇಕು."

ಆಮೇಲೆ ಬಳೆಯ ಸದ್ದಾಯಿತು. ಬಾಚಯ್ಯ ಕಣ್ಣು ತೆರೆದಾಗ ರಾಣಿ ತಾನೇ ಎಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು. ಏಳುವುದು ಅವಳಿಗೂ ಸುಲಭವಾಗಿರಲಿಲ್ಲ. ವಯಸ್ಸಾದವಳು, ಮಂತ್ರಿಯ ಭುಜ ಊರಿ ಎದ್ದಿದ್ದಳು.

ಕಾಟರಸರ ತೋಳು ಹಿಡಿದು ಮೆಲ್ಲಗೆ ಕೂರಿಸಿದಳು.

"ನನಗೆ ಸೊಂಟ, ದಂಡನಾಯಕರೇ," ಎಂದಳು. "ಏಳುವಾಗ ನೀವು ನನ್ನನ್ನು ಹಿಡಿಯಬೇಕು."

ಇದನ್ನು ಅವಳು ಕಿವಿಯಲ್ಲಿ ಹೇಳಿದಳೆಂದು ಕೆಲವರು, ಎಲ್ಲರಿಗೂ ಕೇಳುವಂತೆ ಹೇಳಿದಳೆಂದು ಕೆಲವರು. ಊಟದ ನಂತರ ಇಬ್ಬರೂ ಏಳಲು ಪಟ್ಟ ಪಾಡನ್ನು ಮಾತ್ರ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು, ಅರ್ಧಕ್ಕೆ ಎದ್ದು, ನಗು ತಡೆಯಲಾರದೆ ಮತ್ತೆ ಕೂತುಬಿಟ್ಟರಂತೆ.

ಮರುದಿನ ಬಡಗಣದ ದೂತನಿಗೆ ತಾಂಬೂಲ ಕೊಟ್ಟು ಕಳಿಸಲಾಯಿತು.

ತಿಂಗಳು ಕಳೆಯುವುದರೊಳಗೆ ಕಣಿವೆಯಿಂದ ಈಚಣ್ಣ ಹೇಳಿಕಳಿಸಿದ. ಕಡಲನಾಡಿನ ಬಿಲ್ಲಾಳುಗಳು ಬಂದು ತಮ್ಮ ಪಕ್ಕದಲ್ಲೇ ನಿಂತಿದ್ದಾರೆ, ಒಳ್ಳೆಯ ಗುರಿಕಾರರು, ಆದರೆ ಮೊಸರು ಉಳಿಸುವುದಿಲ್ಲ, ಅಣ್ಣನಿಂದ ಏನಾದರೂ ಆಗುತ್ತದೆಯೇ?

ಎಲ್ಲ ಸರಿಹೋಯಿತು ಎನ್ನುವಾಗ ಬೆಟ್ಟನಾಡಿನ ಪ್ರಧಾನಿ ಬಾಚಯ್ಯನನ್ನು ಕರೆಸಿ ಬೆವರಿಳಿಸಿದರು. ಒಂದು ರಾಜ್ಯದ ದಂಡನಾಯಕನಿಗೆ ಎಲ್ಲಿ ನೋವಿದೆ ಎಂದು ಇನ್ನೊಂದು ರಾಜ್ಯದ ಅಡುಗೆಯವರಿಗೂ ತಿಳಿದುಹೋಗಿದೆ, ಇದೇನು ಏರ್ಪಾಟು ಎಂದು ಕೇಳಿದರು. ಇಂದು ಮಿತ್ರರಾದವರು ನಾಳೆ ಏನಾಗುತ್ತಾರೋ ಎಂದರು.

ಬಾಚಯ್ಯನ ಮನಸ್ಸಿನಲ್ಲಿ ಆ ಮಾತು ಮುಳ್ಳಿನಂತೆ ಉಳಿಯಿತು. ಹೊಳೆದಂಡೆಗೆ ಬಂದು ಗುರುಗಳ ಮುಂದೆ ಹಾಗೇ ಒಪ್ಪಿಸಿದ.

"ಪ್ರಧಾನಿಗಳ ಮಾತು ಸುಳ್ಳಲ್ಲವಲ್ಲ, ಗುರುಗಳೇ. ನಮ್ಮ ದಂಡನಾಯಕರನ್ನು ಎಲ್ಲಿ ಒದ್ದರೆ ಬೀಳುತ್ತಾರೆ ಎಂಬುದು ಈಗ ಇಡೀ ಕಡಲನಾಡಿಗೆ ಗೊತ್ತು."

ಗುರುಗಳು ಒಗೆದ ಪಂಚೆಯನ್ನು ಕೊಡವಿ ಕಲ್ಲಿನ ಮೇಲೆ ಹರವಿದರು.

"ಎಲ್ಲಿ ಒದ್ದರೆ ಬೀಳುತ್ತಾರೆ ಎಂದು ಗೊತ್ತಿಲ್ಲದವರಿಗೆ," ಎಂದರು, "ಎಲ್ಲಿ ಹಿಡಿದರೆ ನಿಲ್ಲುತ್ತಾರೆ ಎಂಬುದು ಹೇಗಪ್ಪ ಗೊತ್ತಾಗಬೇಕು?"