ತಟ್ಟೆಯಲ್ಲಿ ಹಿಡಿಸಿದಷ್ಟು ಹಾಡು

ಹಾಡು ಮುದ್ರಿಸಿಕೊಳ್ಳಲು ಊರಿಗೆ ಬಂದ ಗ್ರಾಮಫೋನು ಮುದಿ ಏಕತಾರಿಯನ್ನು ಕರೆಯಿತು.

"ಅಜ್ಜಿ, ನೀಲವ್ವನ ಹಾಡು ಹೇಳಿ. ನನ್ನ ತಟ್ಟೆ ಚಿಕ್ಕದು, ಮೂರು ನಿಮಿಷದಲ್ಲಿ ಮುಗಿಸಬೇಕು. ಕೊನೆಗೆ ನಿಮ್ಮ ಹೆಸರು ಹೇಳಿ."

"ಇದು ಬೆಳಗಿನವರೆಗೆ ಹಾಡುವ ಹಾಡಪ್ಪ. ಮೂರು ನಿಮಿಷಕ್ಕೆ ನೀಲವ್ವ ಹೊಳೆಗೆ ಬಿದ್ದಿರುತ್ತಾಳೆ, ಅಷ್ಟೇ. ದಡ ಸೇರುವುದು ಕೋಳಿ ಕೂಗುವ ಹೊತ್ತಿಗೆ."

"ಬಿದ್ದರೆ ಸಾಕು, ಜನ ಅಳುತ್ತಾರೆ."

ಏಕತಾರಿ ಅಷ್ಟನ್ನೇ ಹಾಡಿ ಹೆಸರು ಹೇಳಿತು. ತಟ್ಟೆ ಊರೂರು ಸುತ್ತಿತು, ಕೇಳಿದವರೆಲ್ಲ ಅತ್ತರು.

ಮುಂದೊಂದು ದಿನ ಪರವೂರಿನಲ್ಲಿ ಏಕತಾರಿ ಆ ಹಾಡನ್ನು ಪೂರ್ತಿ ಹಾಡತೊಡಗಿತು. ನೀಲವ್ವ ದಡ ಹತ್ತುತ್ತಿದ್ದಂತೆ ಅಲ್ಲಿಯ ದಮ್ಮಡಿ ವಾದ್ಯ ಸಿಡುಕಿತು:

"ನಿಲ್ಲಿಸು ಮುದುಕಿ! ಸತ್ತವಳನ್ನು ಎಬ್ಬಿಸುತ್ತೀಯಾ? ಆ ಹೆಸರಾಂತ ಏಕತಾರಿಯೇ ಹಾಡಿದ ತಟ್ಟೆ ನಮ್ಮಲ್ಲಿದೆ. ಮೊದಲು ಅದನ್ನು ಕೇಳಿ ಕಲಿ."