ಒಂದು ಪ್ರಶ್ನೆಗೆ ಒಂದು ಕಡ್ಡಿ

ಹೊಳೆದಂಡೆಯ ಕ್ರೈಸ್ತ ಆಶ್ರಮದಲ್ಲಿ ರಾಯಪ್ಪ ಗುರುಗಳು ಅಂಗಳ ಗುಡಿಸುತ್ತಿದ್ದರು. ಶಿಷ್ಯ ಇನ್ನಾಸಪ್ಪ ಬಂದವನು ಎಂದಿನಂತೆ ಪೊರಕೆಗೆ ಕೈ ಹಾಕದೆ ನಿಂತುಬಿಟ್ಟ. ಏನೋ ಎಡವಟ್ಟಾಗಿದೆ ಎಂದು ಗುರುಗಳಿಗೆ ಗೊತ್ತಾಯಿತು.

ಇನ್ನಾಸಪ್ಪ ಊರಿನ ಮಕ್ಕಳಿಗೆಲ್ಲ ಭಾನುವಾರ ಧರ್ಮೋಪದೇಶ ಹೇಳುವವನು. ತೊಡಕು ಬಂದದ್ದು ಸ್ವಂತ ಮಗಳ ಹತ್ತಿರ, ಏಳು ವರ್ಷದ ಲೂರ್ದಿಯ ಹತ್ತಿರ.

ಕ್ರಿಸ್ಮಸ್ಸಿಗೆ ಮುಂಚೆ ಅವರ ಮನೆಯಲ್ಲೊಂದು ರೂಢಿ. ಮಗು ಒಂದು ಒಳ್ಳೆಯ ಕೆಲಸ ಮಾಡಿದರೆ ಹಬ್ಬಕ್ಕೆ ಕಟ್ಟಿದ ಪುಟ್ಟ ಗೋದಲಿಗೆ ಒಂದು ಹುಲ್ಲುಕಡ್ಡಿ. ಹಬ್ಬದ ಹೊತ್ತಿಗೆ ಬಾಲಯೇಸುವಿಗೆ ಮೆತ್ತನೆಯ ಹಾಸಿಗೆ. ಇನ್ನಾಸಪ್ಪ ಅದಕ್ಕೊಂದು ತಿದ್ದುಪಡಿ ತಂದಿದ್ದ: ಅಧಿಕಪ್ರಸಂಗದ ಪ್ರಶ್ನೆ ಕೇಳಿದರೆ ಒಂದು ಕಡ್ಡಿ ವಾಪಸ್.

ಲೂರ್ದಿ ಕೇಳುವ ಹುಡುಗಿ. ಗೋದಲಿ ಬರಿದಾಯಿತು. ಈಗ ನಾಲ್ಕು ದಿನದಿಂದ ಅವಳು ಏನೂ ಕೇಳುತ್ತಿಲ್ಲ. ಜಪಕ್ಕೆ ಕರೆದರೆ ಹೊಟ್ಟೆನೋವು ಅನ್ನುತ್ತಾಳೆ.

"ಕೊನೆಗೆ ಏನು ಕೇಳಿದಳು?" ಎಂದರು ಗುರುಗಳು.

"ಯೇಸುಸ್ವಾಮಿ ಚಿಕ್ಕವರಿದ್ದಾಗ ಹಟ ಮಾಡಿದರೆ ಜೋಸೆಫಪ್ಪ ಬೈಯುತ್ತಿದ್ದರಾ ಅಂತ."

"ನೀನೇನಂದೆ?"

"ಕಡ್ಡಿ ತೆಗೆದೆ."

"ಹಾಗಾದರೆ ಬೈಯುತ್ತಿದ್ದರು ಅಂತಲೇ ಹೇಳಿದ ಹಾಗಾಯಿತು ಬಿಡು."

ಗುರುಗಳು ಚಾಪೆ ಹಾಸಿ ಕೂರಿಸಿದರು. ಕಾಫಿ ಕೊಟ್ಟರು, ಬೇಯಿಸಿದ ಕಡಲೆಕಾಯಿ ಮುಂದಿಟ್ಟರು.

"ಅವಳ ನಂಬಿಕೆಯೇ ಹೋಯಿತಾ ಗುರುಗಳೇ?"

ಗುರುಗಳು ಕಡಲೆಕಾಯಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಾನೀಗ ಏನು ಮಾಡಲಿ?"

ಕಾಫಿ ಲೋಟವೂ ಹೋಯಿತು.

"ಯಾಕೆ ಹೀಗೆ ಮಾಡುತ್ತಿದ್ದೀರಿ?"

ಗುರುಗಳು ಅವನನ್ನು ಎಬ್ಬಿಸಿ, ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು.

ನಾಲ್ಕನೆಯ ಪ್ರಶ್ನೆ ಇನ್ನಾಸಪ್ಪನ ಬಾಯಿಗೆ ಬಂದು ಒಳಗೇ ಹೋಯಿತು.

"ಕೇಳು, ಕೇಳು," ಎಂದರು ಗುರುಗಳು.

"ಬೇಡ ಗುರುಗಳೇ. ಇನ್ನು ಉಳಿದಿರುವುದು ಉಟ್ಟ ಪಂಚೆಯೊಂದೇ."

ಗುರುಗಳು ನಕ್ಕು ಎಲ್ಲವನ್ನೂ ಹಿಂದಿರುಗಿಸಿದರು. ಇನ್ನಾಸಪ್ಪ ಮಾತ್ರ ಕೂರಲಿಲ್ಲ. ಕಾಫಿಯನ್ನೂ ಮುಗಿಸದೆ ಮನೆಯ ದಾರಿ ಹಿಡಿದ.

ವಾರ ಕಳೆದು ಬಂದ. ಮಗಳ ಹತ್ತಿರ ತಪ್ಪಾಯಿತು ಎಂದನಂತೆ. ಕಿತ್ತುಕೊಂಡ ಕಡ್ಡಿಗಳನ್ನೆಲ್ಲ ಅವಳ ಕೈಗೇ ಕೊಟ್ಟು, ಇನ್ನು ಮೇಲೆ ಪ್ರಶ್ನೆ ಕೇಳಿದರೂ ಒಂದು ಕಡ್ಡಿ ಎಂದನಂತೆ. ಅವಳು ನಂಬಲಿಲ್ಲ. ಒಂದಿಡೀ ದಿನ ಅಪ್ಪನನ್ನು ಓರೆಗಣ್ಣಲ್ಲಿ ನೋಡಿಕೊಂಡಿದ್ದು, ಆಮೇಲೆ ಶುರು ಹಚ್ಚಿಕೊಂಡಳು. ಹಾಸಿಗೆ ಈಗ ಎಷ್ಟು ಎತ್ತರವೆಂದರೆ ಬಾಲಯೇಸುವನ್ನು ಮಲಗಿಸಿದರೆ ಉರುಳಿ ಬೀಳುವುದು ಖಂಡಿತ. ಜಪಕ್ಕೆ ಅವಳೇ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾಳೆ, ಮುಗಿಯುವುದರೊಳಗೆ ಮೂರು ಸಲ ಬಾಯಿ ಹಾಕುತ್ತಾಳೆ.

"ಒಂದಕ್ಕೂ ನನಗೆ ಉತ್ತರ ಗೊತ್ತಿಲ್ಲ," ಎಂದ ಇನ್ನಾಸಪ್ಪ. "ನಿನ್ನೆ ಕೇಳುತ್ತಾಳೆ, ಗೋದಲಿ ಅಂದರೆ ಹಸು ಮೇವು ತಿನ್ನುವ ಜಾಗ ಅಲ್ವಾ ಅಪ್ಪಾ, ಅಲ್ಲಿ ಪಾಪು ಮಲಗಿಬಿಟ್ಟರೆ ಆವತ್ತು ಹಸು ಏನು ತಿಂತು ಅಂತ. ನೀವಾದರೂ ಹೇಳಿಕೊಡಿ."

ಗುರುಗಳು ಚಾಪೆ ಹಾಸಿ ಅವನ ಪಕ್ಕ ಕೂತರು.

"ಐವತ್ತು ವರ್ಷದಿಂದ ಗೋದಲಿ ಕಟ್ಟುತ್ತಿದ್ದೇನೆ, ಹಸುವಿನ ಹೊಟ್ಟೆಯ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಾಳೆ ಅವಳನ್ನು ಕರೆದುಕೊಂಡು ಬಾ. ಯಾರನ್ನೂ ಕೇಳದೆ ಇಟ್ಟುಕೊಂಡ ಪ್ರಶ್ನೆಗಳು ನನ್ನ ಹತ್ತಿರವೂ ಒಂದೆರಡು ಇವೆ."